"ಕೊರತೆಪಡೆ ಅಂದ್ರೆ ಸೈನ್ಯನಾ ಅಮ್ಮ?" ಮನೆ ಪ್ರಾರ್ಥನೆಗೆ ಮಕ್ಕಳನ್ನು ಹೇಗೆ ಕೂರಿಸುತ್ತೀರಿ?

ಬೆಟಗೇರಿ ಮಗಳು
ನವೆಂಬರ್ 11, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವಿರುವುದು ಬೆಂಗಳೂರಿನಲ್ಲಿ. ನನ್ನ ತವರು ಗದಗ-ಬೆಟಗೇರಿ, ಬಾಸೆಲ್ ಮಿಷನ್ (ಯುರೋಪಿನ ಕ್ರೈಸ್ತ ಮಿಷನರಿ ಸಂಸ್ಥೆ) ಕಾಲದಿಂದ ಬಂದ ಕ್ರೈಸ್ತ ಮನೆತನ. ಯಜಮಾನರದು ಮೈಸೂರು ಕಡೆ. ಮಗಳಿಗೆ 11, ಮಗನಿಗೆ 6. ದಿನಾ ರಾತ್ರಿ ಊಟಕ್ಕೆ ಮೊದಲು ಕುಟುಂಬ ಪ್ರಾರ್ಥನೆ ಇರುತ್ತದೆ. ಒಂದು ಹಾಡು, ಒಂದು ಅಧ್ಯಾಯ, ಮಕ್ಕಳದು ಒಂದೊಂದು ಬಾಯಿಪಾಠದ ವಾಕ್ಯ, ಕೊನೆಗೆ ಯಜಮಾನರ ಪ್ರಾರ್ಥನೆ. ಆ ಪ್ರಾರ್ಥನೆಯಲ್ಲಿ ಅಮೆರಿಕದಲ್ಲಿರುವ ಚಿಕ್ಕಪ್ಪನಿಂದ ಹಿಡಿದು ಪಕ್ಕದ ಮನೆಯವರ ಮಂಡಿನೋವಿನ ತನಕ ಎಲ್ಲವೂ ಬರುತ್ತದೆ. ಕುಕ್ಕರ್ ಆರಿ ತಣ್ಣಗಾಗಿರುತ್ತದೆ.

ಕಳೆದ ವಾರ ಬೈಬಲ್ಲಿನ 23ನೇ ಕೀರ್ತನೆ. ಮಗಳು ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರಲ್ಲಿ ಒಪ್ಪಿಸಿದಳು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಚಿಕ್ಕವನು ನಡುವೆ ಬಾಯಿ ಹಾಕಿದ. "ಅಮ್ಮ, ಕೊರತೆಪಡೆ ಅಂದ್ರೆ ಸೈನ್ಯನಾ? ಓಬವ್ವ ಪಡೆ ತರ?" ನನಗೆ ನಗು ತಡೆಯಲು ಆಗಲಿಲ್ಲ. ಮಗಳೂ ಕಿಸಕ್ಕಂತ ನಕ್ಕಳು. ಯಜಮಾನರಿಗೆ ಕೋಪ ಬಂತು. "ದೇವರ ಮುಂದೆ ಕೂತಾಗ ತಮಾಷೆನಾ?" ಅಂತ ಗದರಿಬಿಟ್ಟರು. ಅವನು ಅತ್ತ. ತಮಾಷೆ ಮಾಡಿರಲಿಲ್ಲ ಪಾಪ, ನಿಜವಾಗಿ ಕೇಳಿದ್ದ.

ಅಂದಿನಿಂದ ಹಾಡು ಶುರುವಾದ ಕೂಡಲೇ ಅವನಿಗೆ ಬಾತ್‌ರೂಮಿಗೆ ಅವಸರ. ಮಗಳನ್ನು ಕರೆದು "ಕೊರತೆಪಡೆನು ಅಂದರೇನು ಹೇಳು" ಅಂದೆ. ಅವಳಿಗೂ ಗೊತ್ತಿಲ್ಲ! ಸಂಡೇ ಸ್ಕೂಲಿನಲ್ಲಿ ಮೂರು ಬಹುಮಾನ ತಂದ ಹುಡುಗಿ.

ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ? "ಪ್ರಾರ್ಥಿಸಿ, ಎಲ್ಲ ಸರಿಯಾಗುತ್ತೆ" ಅಂತ ಮಾತ್ರ ಬರೆಯಬೇಡಿ. ಅದನ್ನು ಮಾಡುತ್ತಾ ಇದ್ದೇನೆ.


ಹುಬ್ಬಳ್ಳಿ ಟೀಚರ್
ನವೆಂಬರ್ 12, ಬೆಳಿಗ್ಗೆ 6:05

ತಂಗಿ, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಬಹುಮಾನ ಕೊಡು. 22 ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಈ ಕೀರ್ತನೆ ಕಲಿಸುತ್ತಿದ್ದೇನೆ, ಒಂದು ಮಗುವೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳದಿದ್ದದ್ದು ಅವರ ತಪ್ಪಲ್ಲ. ನಾವು ಕೇಳಲು ಬಿಟ್ಟಿದ್ದೇವಾ? ವಾಕ್ಯ ಹೇಳು, ಚಾಕಲೇಟು ತಗೋ, ಹೋಗು. ಹಂಗೇ ನಡೆದಿದೆ.

ಉತ್ತರ ಸುಲಭ ಇದೆ. "ಪಡೆನು" ಅಂದರೆ "ಪಡುವುದಿಲ್ಲ". ಹಳೆಯ ಕನ್ನಡದಲ್ಲಿ "ಇಲ್ಲ" ಅನ್ನುವುದು ಕ್ರಿಯಾಪದದ ಹೊಟ್ಟೆಯೊಳಗೇ ಇರುತ್ತಿತ್ತು. ನೀನು ಬೆಟಗೇರಿಯವಳು, ನಿನ್ನ ಬಾಯಲ್ಲೇ ಇದೆ. "ನಾ ಒಲ್ಲೆ" ಅಂತೀವಲ್ಲ? "ನಾ ಅರಿಯೆ", "ನಾ ಕಾಣೆ"? ಅದೇ ಜಾತಿಯ ಮಾತು. "ಪಲ್ಯ ಒಲ್ಲೆ ಅಂತೀಯಲ್ಲ, ಹಂಗ ಕೊರತೆ ಪಡೆ" ಅಂದರೆ ಆರು ವರ್ಷದವನಿಗೂ ತಿಳಿಯುತ್ತದೆ.

ಈ ಭಾಷೆ ಯಾಕೆ ಹೀಗಿದೆ ಅಂದರೆ, ಕನ್ನಡದಲ್ಲಿ ಪೂರ್ತಿ ಸತ್ಯವೇದ, ಅಂದರೆ ಬೈಬಲ್, ಮೊದಲು ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಈ ಕೆಲಸ ಹಿಡಿದರು. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಆದರೂ ಈಗ ನಮ್ಮ ಮನೆಗಳಲ್ಲಿರುವ ಹಳೇ ಅನುವಾದದ ಧಾಟಿ ನಮ್ಮ ಅಜ್ಜನ ಅಜ್ಜನ ಕಾಲದ್ದೇ. ನನಗೆ ಅದೇ ಇಷ್ಟ, ಸುಳ್ಳು ಯಾಕೆ ಹೇಳಲಿ. ಮಕ್ಕಳಿಗೆ ಮಾತ್ರ ಪಕ್ಕದಲ್ಲಿ ಸರಳ ಅನುವಾದ ಒಂದನ್ನು ಇಟ್ಟುಕೊಂಡಿರು. ಬೈಬಲ್ ಸೊಸೈಟಿಯ ಅಂಗಡಿಯಲ್ಲಿ ಎರಡೂ ಸಿಗುತ್ತವೆ.

ಒಂದು ಮಾತು. ಬಾಯಿಪಾಠ ಬಿಡಿಸಬೇಡ. ನನ್ನ ತಾಯಿ ಕೊನೆಗಾಲದಲ್ಲಿ ನನ್ನ ಹೆಸರು ಮರೆತಿದ್ದಳು, ಈ ಕೀರ್ತನೆ ಮರೆತಿರಲಿಲ್ಲ. ಒಳಗೆ ಹೋದದ್ದು ಯಾವಾಗ ಕೆಲಸಕ್ಕೆ ಬರುತ್ತದೋ ಗೊತ್ತಿಲ್ಲ. ಆದರೆ ತಿಳಿದು ಬಾಯಿಪಾಠ ಮಾಡಲಿ. ವಾರಕ್ಕೊಂದು ಬೇಡ, ತಿಂಗಳಿಗೊಂದು ಸಾಕು.


ಕುಡ್ಲದ ಪೊಣ್ಣು
ನವೆಂಬರ್ 12, ಮಧ್ಯಾಹ್ನ 1:48

ನಾನು ಮಂಗಳೂರು ಕಥೋಲಿಕಳು, ಮನೆಮಾತು ಕೊಂಕಣಿ. ನಿಮ್ಮ ಕತೆ ಓದಿ ನಗು ಬಂತು ಮಾರಾಯ್ರೆ. ನಮ್ಮಲ್ಲೂ ಇದೇ ಕತೆ, ಪುಸ್ತಕ ಬೇರೆ ಅಷ್ಟೇ.

ನಮ್ಮಲ್ಲಿ ಸಂಜೆ ತೇರ್ಸ್, ಅಂದರೆ ಜಪಸರ. ಚಿಕ್ಕವರಿದ್ದಾಗ ಅದು ರೈಲಿನ ಹಾಗೆ ಓಡುತ್ತಿತ್ತು. ಅಪ್ಪ ಅರ್ಧ ಹೇಳಿ ಮುಗಿಸುವ ಮೊದಲೇ ನಾವು ಉಳಿದರ್ಧ ಶುರು ಮಾಡಿ ಆಗಿರುತ್ತಿತ್ತು. ಆದರೂ ನನಗೆ ನೆನಪಿರುವುದು ಮುಗಿದ ಮೇಲಿನದು. ಮಕ್ಕಳೆಲ್ಲ ಸಾಲಾಗಿ ಅಜ್ಜಿ, ಅಪ್ಪ, ಅಮ್ಮನ ಹತ್ತಿರ ಹೋಗಿ ಬೆಸಾಂವ್ ಕೇಳಬೇಕು. ಆಶೀರ್ವಾದ. ಹಗಲೆಲ್ಲ ಜಗಳ ಆಡಿದ್ದರೂ ಅಪ್ಪನ ಮುಂದೆ ಹೋಗಿ ಕೈ ಮುಗಿಯಲೇಬೇಕು, ಅವರು ತಲೆ ಮುಟ್ಟಲೇಬೇಕು. ಸಿಟ್ಟು ಅಲ್ಲಿಗೆ ಮುಗೀತು. ನಿಮ್ಮ ಯಜಮಾನರಿಗೆ ಇದನ್ನು ಹೇಳಿ ನೋಡಿ. ಗದರಿದ ದಿನ ರಾತ್ರಿ ಮಗನ ತಲೆ ಮುಟ್ಟಿ ಒಂದು ಮಾತು ಹೇಳಿದ್ದರೆ ಅವನು ಬಾತ್‌ರೂಮಿಗೆ ಓಡುತ್ತಿರಲಿಲ್ಲವೋ ಏನೋ.

ಬೈಬಲ್ ಮಾತ್ರ ನಮ್ಮ ಮನೆಯಲ್ಲಿ ಶೋಕೇಸಿನಲ್ಲಿತ್ತು. ಮದುವೆಗೆ ಬಂದ ಗ್ಲಾಸ್ ಸೆಟ್ಟಿನ ಪಕ್ಕ. ಪೋಪ್ ಫ್ರಾನ್ಸಿಸ್ 2019ರಲ್ಲಿ ವರ್ಷಕ್ಕೊಂದು ಭಾನುವಾರವನ್ನು ದೇವರ ವಾಕ್ಯಕ್ಕೆ ಅಂತ ಮೀಸಲಿಟ್ಟ ಮೇಲೆ ನಮ್ಮ ವಾರಾಡೊದಲ್ಲೂ (ಇಗರ್ಜಿಯ ವಾರ್ಡು) ಸ್ವಲ್ಪ ಗಾಳಿ ಬೀಸಿತು. ನಾವೀಗ ಮಾಡುವುದು ಇಷ್ಟೇ. ನಾಳೆ ಪೂಜೆಯಲ್ಲಿ ಓದುವ ಶುಭಸಂದೇಶವನ್ನು ಶನಿವಾರ ರಾತ್ರಿಯೇ ಮನೆಯಲ್ಲಿ ಓದುತ್ತೇವೆ, ಹತ್ತು ನಿಮಿಷ. ಮರುದಿನ ಇಗರ್ಜಿಯಲ್ಲಿ ಅದೇ ಬಂದಾಗ ಮಗಳು ಮೊಣಕೈಯಲ್ಲಿ ತಿವಿದು "ಇದು ನಮ್ಮದು" ಅನ್ನುತ್ತಾಳೆ. ಸಿನಿಮಾದ ಕತೆ ಮೊದಲೇ ಗೊತ್ತಿದ್ದವರ ಗತ್ತು ಅವಳಿಗೆ.


ನಿವೃತ್ತ ಮೇಷ್ಟ್ರು ಬಳ್ಳಾರಿ
ನವೆಂಬರ್ 12, ಸಂಜೆ 7:30

ಹುಬ್ಬಳ್ಳಿ ಟೀಚರಮ್ಮನವರು ಬಳ್ಳಾರಿ ಹೆಸರೆತ್ತಿದ್ದಕ್ಕೆ ಸಂತೋಷ. ಅದೇ ಧಾಟಿಯ ಇನ್ನೊಂದು ಪದದ ಕತೆ ಹೇಳುತ್ತೇನೆ. ಅದರಿಂದ ನಾನು ಪೆಟ್ಟು ತಿಂದಿದ್ದೇನೆ.

ಸತ್ಯವೇದದ ಜ್ಞಾನೋಕ್ತಿಗಳು ಪುಸ್ತಕ, 22:6. ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ಹುಡುಗನನ್ನು "ಶಿಕ್ಷಿಸು". ನಮ್ಮಪ್ಪ ಇದನ್ನು ಓದಿಯೇ ಬೆತ್ತ ಇಟ್ಟುಕೊಂಡಿದ್ದರು. ವಾಕ್ಯ ತಪ್ಪಿದರೆ ಅಂಗೈಗೆ ಒಂದು. ನಾನು ಕನ್ನಡ ಎಂ.ಎ. ಓದುವಾಗ ತಲೆಗೆ ಹೊಳೆಯಿತು. ಆ ಅನುವಾದದವರು "ಶಿಕ್ಷಿಸು" ಅಂದದ್ದು ಕಲಿಸು ಅನ್ನುವ ಅರ್ಥದಲ್ಲಿ. ಶಿಕ್ಷಣ, ಶಿಕ್ಷಕ ಎಲ್ಲ ಅದೇ ಬೇರಿನವು. ಇವತ್ತಿನ ಕನ್ನಡದಲ್ಲಿ ಅದು ಬರೀ ದಂಡನೆ ಆಗಿಬಿಟ್ಟಿದೆ. ಒಂದು ಪದದ ಅರ್ಥ ಜಾರಿದ್ದಕ್ಕೆ ಎಷ್ಟು ಮಕ್ಕಳ ಅಂಗೈ ಕೆಂಪಾಗಿದೆಯೋ!

ಅದೇ ಪುಸ್ತಕದಲ್ಲಿ ಬೆತ್ತದ ಮಾತೂ ಇದೆ, ಇಲ್ಲ ಅನ್ನುವುದಿಲ್ಲ. ಯಾರಾದರೂ ಎತ್ತಿ ತೋರಿಸುವ ಮೊದಲೇ ನಾನೇ ಹೇಳಿಬಿಟ್ಟೆ. ಆದರೆ ಸತ್ಯವೇದ ಓದದಿದ್ದಕ್ಕೆ ಹೊಡೆಯಿರಿ ಅಂತ ಎಲ್ಲೂ ಇಲ್ಲ. ಪೆಟ್ಟಿನ ಜೊತೆ ಕಲಿತ ವಾಕ್ಯಗಳು ಇವತ್ತಿಗೂ ನನಗೆ ಬಾಯಿಗೆ ಬರುತ್ತವೆ. ಕೈಯೂ ಜೊತೆಗೇ ಚುರ್ ಅನ್ನುತ್ತದೆ.

ಹಾಡಿನಿಂದ ಶುರು ಮಾಡಿ ನೋಡಿ. ನಿಘಂಟಿನ ಕಿಟೆಲ್ ಸಾಹೇಬರು ಯೇಸುವಿನ ಕತೆಯನ್ನು ನಮ್ಮ ದೇಸಿ ಧಾಟಿಯಲ್ಲಿ ಹಾಡಲು ಬರುವಂತೆ 1862ರಲ್ಲೇ "ಕಥಾಮಾಲೆ" ಅಂತ ಬರೆದಿದ್ದರು. ಈ ನಾಡಿನಲ್ಲಿ ಕತೆ ಕಿವಿಯಿಂದ ಒಳಗೆ ಹೋಗುತ್ತದೆ ಅನ್ನುವುದು ಜರ್ಮನಿಯವರಿಗೆ ತಿಳಿದಿತ್ತು, ನಾವು ಮರೆತೆವು.


ದುಬೈ ಕನ್ನಡಿಗ
ನವೆಂಬರ್ 13, ರಾತ್ರಿ 12:15

ಎಲ್ಲರೂ ಭಾಷೆ ಭಾಷೆ ಅನ್ನುತ್ತಿದ್ದೀರಿ. ನೇರವಾಗಿ ಹೇಳಲಾ? ನನ್ನ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಇಂಗ್ಲಿಷಿನ ಚಿತ್ರದ ಬೈಬಲ್ ಕೊಟ್ಟೆ, ಆ್ಯಪ್ ಹಾಕಿಕೊಟ್ಟೆ, ಓದುತ್ತಾರೆ, ಮುಗೀತು. ದೇವರಿಗೆ ಕನ್ನಡವೇ ಆಗಬೇಕಾ? ಒಂದೊಂದು ಪದಕ್ಕೆ ಪಾಠ ಮಾಡುತ್ತಾ ಕೂತರೆ ಮಕ್ಕಳು ಎದ್ದು ಹೋಗುತ್ತಾರೆ.


ಹುಬ್ಬಳ್ಳಿ ಟೀಚರ್
ನವೆಂಬರ್ 13, ಬೆಳಿಗ್ಗೆ 6:10

ದೇವರಿಗೆ ಬೇಡ ಅಣ್ಣ. ಅಜ್ಜಿಗೆ ಬೇಕು. ಮಗು ಇಂಗ್ಲಿಷಿನಲ್ಲಿ ಓದಲಿ, ಯಾರು ಬೇಡ ಅಂದರು? ಆದರೆ ಊರಿಗೆ ಬಂದಾಗ ಅಜ್ಜಿ ಕೀರ್ತನೆ ಹೇಳುತ್ತಾಳೆ, ಮೊಮ್ಮಗ ಗೋಡೆ ನೋಡುತ್ತಾನೆ. ಅದು ನೋವು. ಓದಲು ಬಾರದಿದ್ದರೆ ಕೇಳಿಸಿ. ಫೋನಿನಲ್ಲೇ ಕನ್ನಡ ಆಡಿಯೋ ಸತ್ಯವೇದ ಸಿಗುತ್ತದೆ. ಇಲ್ಲಾಂದರೆ ಶನಿವಾರ ಅಜ್ಜಿಗೆ ವಿಡಿಯೋ ಕಾಲ್ ಮಾಡಿ "ಒಂದು ಕತೆ ಹೇಳು" ಅನ್ನಿ.


ದುಬೈ ಕನ್ನಡಿಗ
ನವೆಂಬರ್ 13, ಬೆಳಿಗ್ಗೆ 11:32

ವಿಡಿಯೋ ಕಾಲ್ ಮಾಡಬಹುದು. ನಮ್ಮಮ್ಮ ಮೀನು ನುಂಗಿದ ಯೋನನ ಕತೆ ಹೇಳಿದರೆ ಮೀನಿಗಿಂತ ಜಾಸ್ತಿ ಹಡಗಿನವರ ಬಗ್ಗೆಯೇ ಹೇಳುತ್ತಾರೆ. ಸಾಮಾನೆಲ್ಲ ಸಮುದ್ರಕ್ಕೆ ಎಸೆದರಲ್ಲ, ಆ ನಷ್ಟ ಯಾರು ತುಂಬಿಕೊಟ್ಟರು ಅಂತ! ಅಪ್ಪನದು ಕಿರಾಣಿ ಅಂಗಡಿ ಇತ್ತು, ಅದಕ್ಕೆ.


ದಾವಣಗೆರೆ ಮೇಸ್ತ್ರಿ
ನವೆಂಬರ್ 13, ರಾತ್ರಿ 9:02

ನಾನು ಮನೆ ಕಟ್ಟಿಸುವ ಕೆಲಸದವನು, ಓದಿದ್ದು ಕಮ್ಮಿ. ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ ಅಂತ ಮಾತ್ರ ಹೇಳುತ್ತೇನೆ.

ಕನ್ನಡ ಸತ್ಯವೇದದಲ್ಲಿ ಅಳತೆ ಎಲ್ಲ ಮೊಳದಲ್ಲಿದೆ. ಮೊಳ ಅಂದರೆ ನನ್ನ ಮಕ್ಕಳಿಗೆ ಹೂವಿನವಳ ಲೆಕ್ಕ ಮಾತ್ರ ಗೊತ್ತು. ಒಂದು ರಾತ್ರಿ ದಾವೀದ ಕೊಂದ ದೈತ್ಯ ಗೊಲ್ಯಾತನ ಕತೆ ಬಂತು. ಆರು ಮೊಳ ಒಂದು ಗೇಣು. ಮಗ "ಅಂದರೆ ಎಷ್ಟು ದೊಡ್ಡವನು?" ಅಂದ. ಟೇಪು ತಂದೆ. ಮೊಳ ಒಂದೂವರೆ ಅಡಿ, ಗೇಣು ಮುಕ್ಕಾಲು ಅಡಿ. ಒಂಬತ್ತು ಮುಕ್ಕಾಲು ಅಡಿ ಆಯಿತು. ಏಣಿ ಹಾಕಿ ಹಾಲಿನ ಗೋಡೆಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ನಮ್ಮ ಸೀಲಿಂಗು ಹತ್ತಡಿ, ಮೂರೇ ಇಂಚು ಬಾಕಿ! ಫ್ಯಾನು ಅವನ ಹಣೆಗೆ ಬಡಿಯುತ್ತದೆ ಅಂತ ಮಕ್ಕಳಿಗೆ ಖುಷಿಯೋ ಖುಷಿ. ಆಮೇಲೆ ಮಗನನ್ನೇ ಗೋಡೆಗೆ ನಿಲ್ಲಿಸಿ ಅವನ ಎತ್ತರಕ್ಕೆ "ದಾವೀದ" ಅಂತ ಇನ್ನೊಂದು ಗೆರೆ. ಅವನು ಎರಡು ಗೆರೆಯನ್ನೂ ನೋಡುತ್ತಾ ಸುಮ್ಮನೆ ನಿಂತುಬಿಟ್ಟ. ನಾನು ಪ್ರಸಂಗ ಏನೂ ಮಾಡಲಿಲ್ಲ. ಊಟಕ್ಕೆ ಕೂತೆವು.

ನೋಹನ ನಾವೆ 300 ಮೊಳ ಉದ್ದ, 50 ಅಗಲ, 30 ಎತ್ತರ. ಭಾನುವಾರ ಮಧ್ಯಾಹ್ನ ರಸ್ತೆಯಲ್ಲಿ ಮಕ್ಕಳ ಕೈಯಿಂದಲೇ ಮೊಳ ಹಾಕಿಸಿದೆ. ನೂರಕ್ಕೆ ಸುಸ್ತಾದರು. ಆಮೇಲೆ ಟೇಪು ಹಿಡಿದು ಪೂರ್ತಿ ಮಾಡಿದೆವು. 450 ಅಡಿ. ನಮ್ಮ ಮನೆಯಿಂದ ಹಾಲಿನ ಬೂತು ದಾಟಿ ಹೋಯಿತು. ಓಣಿಯ ಮಕ್ಕಳೆಲ್ಲ ಸೇರಿದರು. ಮುಸಲ್ಮಾನರ ಹುಡುಗ ಒಬ್ಬ "ನೂಹ್ ನಬಿ ಕತೆ ನಮಗೂ ಗೊತ್ತು ಅಂಕಲ್" ಅಂತ ಅಳೆಯಲು ಬಂದ.


ನಿವೃತ್ತ ಮೇಷ್ಟ್ರು ಬಳ್ಳಾರಿ
ನವೆಂಬರ್ 13, ರಾತ್ರಿ 9:40

ಮೇಸ್ತ್ರಿಗಳೇ, ಭಲೇ! ಒಂದು ಸಣ್ಣ ಸೇರ್ಪಡೆ. ಸಮುಯೇಲನ ಪುಸ್ತಕದ ಹಳೆಯ ಗ್ರೀಕ್ ಅನುವಾದದಲ್ಲೂ ಮೃತ ಸಮುದ್ರದ ಹತ್ತಿರ ಸಿಕ್ಕ ಸುರುಳಿಯಲ್ಲೂ ಗೊಲ್ಯಾತ ನಾಲ್ಕು ಮೊಳ ಒಂದು ಗೇಣು ಅಂತಿದೆ. ಅಂದರೆ ಆರು ಮುಕ್ಕಾಲು ಅಡಿ. ದೊಡ್ಡ ಮಕ್ಕಳಿದ್ದರೆ ಮೂರನೇ ಗೆರೆಯನ್ನೂ ಎಳೆಯಿರಿ. ಯಾವುದು ಸರಿ ಅಂತ ಅವರೇ ವಾದ ಮಾಡಲಿ. ವಾದ ಮಾಡುವ ಮಕ್ಕಳು ಬಾತ್‌ರೂಮಿಗೆ ಓಡುವುದಿಲ್ಲ.


ಎರಡು ಮನೆ ಸೊಸೆ
ನವೆಂಬರ್ 14, ಮಧ್ಯಾಹ್ನ 3:17

ನನ್ನದು ಬೇರೆ ತಲೆನೋವು. ನನ್ನ ಮಗಳಿಗೆ 5 ವರ್ಷ. ಅಬ್ರಹಾಮ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋದ ಕತೆಯನ್ನು ಎಲ್ಲೋ ಕೇಳಿಕೊಂಡು ಬಂದಳು. ಅವತ್ತು ರಾತ್ರಿ ಅಪ್ಪನ ಪಕ್ಕ ಮಲಗಲಿಲ್ಲ. "ದೇವರು ಹೇಳಿದರೆ ಅಪ್ಪ ನನ್ನನ್ನೂ ಕರ್ಕೊಂಡು ಹೋಗ್ತಾರಾ?" ಅಂದಳು. ನಮ್ಮವರು ಲಿಂಗಾಯತರು, ಅವರಿಗೆ ಈ ಕತೆಯೇ ಗೊತ್ತಿರಲಿಲ್ಲ. ಬೆಪ್ಪಾಗಿ ಕೂತರು. ಅತ್ತೆ ಮಾತ್ರ ಚೆನ್ನಾಗಿ ನಿಭಾಯಿಸಿದರು. ಮೊಮ್ಮಗಳನ್ನು ತೊಡೆ ಮೇಲೆ ಹಾಕಿಕೊಂಡು "ನಿಮ್ಮಪ್ಪ ಬೆಳಿಗ್ಗೆ ಸ್ಕೂಲ್ ಬಸ್ಸಿಗೇ ನಿನ್ನ ಸರಿಯಾಗಿ ಬಿಡಲ್ಲ, ಬೆಟ್ಟಕ್ಕೆಲ್ಲಿ ಹೋದಾನು" ಅಂದರು. ಅವಳು ನಕ್ಕಳು. ನಾನೂ ನಕ್ಕೆ. ಆದರೆ ಪ್ರಶ್ನೆ ಹಾಗೇ ಉಳಿದಿದೆ.


ಹುಬ್ಬಳ್ಳಿ ಟೀಚರ್
ನವೆಂಬರ್ 14, ರಾತ್ರಿ 8:55

ಆ ಕತೆಯನ್ನು ನಾನು ಹತ್ತು ವರ್ಷದ ಕೆಳಗಿನವರಿಗೆ ಹೇಳುವುದೇ ಇಲ್ಲ. ಪೂರ್ತಿ ಸತ್ಯವೇದ ದೇವರ ವಾಕ್ಯವೇ, ಹಾಗಂತ ಎಲ್ಲವನ್ನೂ ಐದು ವರ್ಷಕ್ಕೇ ತಿನ್ನಿಸಬೇಕು ಅಂತಿಲ್ಲ. ಹಸುಗೂಸಿಗೆ ರೊಟ್ಟಿ ಕೊಡುತ್ತೇವಾ? ಇದಕ್ಕೆ ನಮ್ಮ ಸಭೆಯಲ್ಲೇ ಕೆಲವರು ನನ್ನ ಮೇಲೆ ಸಿಟ್ಟಾಗಿದ್ದಾರೆ, ಇರಲಿ.

ಮಗು ಕೇಳಿಬಿಟ್ಟಿದೆಯಲ್ಲ, ಈಗ ಕತೆಯ ಕೊನೆಯಿಂದ ಹೇಳು. ದೇವರು "ಬೇಡ, ಹುಡುಗನ ಮೇಲೆ ಕೈ ಹಾಕಬೇಡ" ಅಂದ ಜಾಗದಿಂದ. ಸುತ್ತಲಿನ ಜನ ಮಕ್ಕಳನ್ನು ಬಲಿ ಕೊಡುತ್ತಿದ್ದ ಕಾಲ ಅದು. ನಮ್ಮ ದೇವರಿಗೆ ಅದು ಬೇಡ ಅನ್ನುವುದು ಅಬ್ರಹಾಮನಿಗೆ ಆ ಬೆಟ್ಟದ ಮೇಲೆ ಗೊತ್ತಾಯಿತು. ನಾನು ಹೀಗೆ ಹೇಳುತ್ತೇನೆ. ನಮ್ಮ ಸಭೆಯ ಅಯ್ಯನವರು (ಪಾದ್ರಿಗಳು) ಇನ್ನೂ ಆಳವಾಗಿ ಹೇಳಿಯಾರು. ಆದರೆ "ನನಗೂ ಆ ಕತೆ ಓದಿದರೆ ಭಯ ಆಗುತ್ತದೆ ಕಂದ" ಅಂತ ತಾಯಿ ಹೇಳಿದರೆ ಏನೂ ತಪ್ಪಿಲ್ಲ.


ಅಯ್ಯನವರ ಮಗಳು
ನವೆಂಬರ್ 15, ಬೆಳಿಗ್ಗೆ 5:50

ಹೆಸರಿನಲ್ಲೇ ಗೊತ್ತಾಗಿರಬೇಕು. ಅಪ್ಪ ಸಭಾಪಾಲಕರು, ಮೂರು-ನಾಲ್ಕು ವರ್ಷಕ್ಕೊಂದು ಊರು. ನಾವು ಮಕ್ಕಳು ಎಲ್ಲರ ಮುಂದೆ ವಾಕ್ಯ ಹೇಳುವ ಗೊಂಬೆಗಳು. ಮನೆಗೆ ಯಾರೇ ಬಂದರೂ "ಅಯ್ಯನೋರ ಮಗಳು ಒಂದು ಕೀರ್ತನೆ ಹೇಳವ್ವಾ". ಕಾಲೇಜಿಗೆ ಹೋದವಳೇ ಸತ್ಯವೇದ ಮುಚ್ಚಿಟ್ಟೆ. ಹತ್ತು ವರ್ಷ ತೆರೆಯಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವಳ ಸತ್ಯವೇದ ನನ್ನ ಪಾಲಿಗೆ ಬಂತು. ರಟ್ಟು ಕಿತ್ತು ಹೋಗಿ ಹೊಲಿಗೆ ದಾರದಲ್ಲಿ ಅವಳೇ ಹೊಲಿದಿದ್ದಳು. ಒಳಗೆ ಸೀಮೆಎಣ್ಣೆ ಚೀಟಿ, ಕರೆಂಟ್ ಬಿಲ್ಲು, ನನ್ನ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟು. ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರ. 121ನೇ ಕೀರ್ತನೆಯ ಪಕ್ಕ "ಚಿಕ್ಕವಳಿಗೆ ಟೈಫಾಯ್ಡ್, 4 ದಿನ". ಅದು ನಾನು. ಯೋಬನ ಪುಸ್ತಕದ ಪಕ್ಕ ಒಂದು ಕಡೆ ಬರೀ "ಯಾಕೆ?" ಅಂತಿದೆ. ಅದು ಯಾವ ವರ್ಷ, ಏನಾಗಿತ್ತು, ಗೊತ್ತಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅಮ್ಮ ದೇವರ ಹತ್ತಿರ ಜಗಳ ಆಡುತ್ತಿದ್ದಳು ಅಂತ ನನಗೆ ಗೊತ್ತಾಗಿದ್ದು ಅವತ್ತು. ನಮಗೆ ಯಾರೂ ಅದನ್ನು ತೋರಿಸಿರಲಿಲ್ಲ. ನಮ್ಮ ಮುಂದೆ ಎಲ್ಲ ಉತ್ತರಗಳೇ ಇದ್ದವು.

ಸತ್ಯವೇದದ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ನೋಡಿ. ಮಕ್ಕಳಿಗೆ ಕಲಿಸುವುದು ಯಾವಾಗ? ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನಾವು "ಕೂತಾಗ" ಅನ್ನುವುದೊಂದನ್ನೇ ಹಿಡಿದುಕೊಂಡು ಉಳಿದ ಮೂರನ್ನು ಬಿಟ್ಟಿದ್ದೇವೆ. ನಾನು ಈಗ ಮಗನ ಜೊತೆ ಮಾತಾಡುವುದು ಸ್ಕೂಟರಿನ ಮೇಲೆ. ಟ್ಯೂಷನ್ನಿಗೆ ಹೋಗುವ ಹದಿನೈದು ನಿಮಿಷ. ಬೆನ್ನ ಹಿಂದೆ ಕೂತ ಮಕ್ಕಳು ಮುಖ ನೋಡಿ ಹೇಳದ್ದನ್ನೆಲ್ಲ ಹೇಳುತ್ತಾರೆ.


ಬೆಟಗೇರಿ ಮಗಳು
ಜನವರಿ 6, ರಾತ್ರಿ 10:45

ಎಲ್ಲರಿಗೂ ಹೊಸ ವರ್ಷದ ಶುಭಾಶಯ. ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಕ್ಷಮೆ ಇರಲಿ. ನವೆಂಬರಿನಲ್ಲೇ ಯಜಮಾನರಿಗೆ ಇದೆಲ್ಲ ಓದಿ ತೋರಿಸಿದ್ದೆ. "ಶಿಕ್ಷಿಸು" ವಿಷಯಕ್ಕೆ ಬಂದಾಗ ಎದ್ದು ಹೋದರು. ಮರುದಿನ ಮಗನನ್ನು ಕರೆದು "ಕೊರತೆಪಡೆ ಅಂದ್ರೇನು ಅಂತ ಕೇಳಿದ್ಯಲ್ಲ, ನನಗೂ ಚಿಕ್ಕವನಿದ್ದಾಗ ಗೊತ್ತಿರಲಿಲ್ಲ" ಅಂದರು. ಅಷ್ಟೇ. ಅವರ ಬಾಯಿಂದ ಅದು ದೊಡ್ಡ ಮಾತು.

ಕ್ರಿಸ್‌ಮಸ್ಸಿಗೆ ಊರಿಗೆ ಹೋಗಿದ್ದೆವು. ಗದಗದ ಆಚೆ ಅಣ್ಣನ ಹೊಲದಲ್ಲಿ ಕುರಿ ತರುಬಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೆಳೆ ತೆಗೆದ ಹೊಲದಲ್ಲಿ ಕುರುಬರು ರಾತ್ರಿ ಮಂದೆ ನಿಲ್ಲಿಸುತ್ತಾರೆ, ಹೊಲಕ್ಕೆ ಗೊಬ್ಬರ ಆಗುತ್ತದೆ, ಅವರಿಗೆ ಕಾಳೋ ದುಡ್ಡೋ ಕೊಡುತ್ತಾರೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋದೆ. ಸುತ್ತ ಬಲೆ ಕಟ್ಟಿದ್ದರು. ಮರಿಗಳನ್ನೆಲ್ಲ ಹಗಲು ಬೇರೆ ಇಟ್ಟಿದ್ದರು. ಮೇಯಲು ಹೋದ ತಾಯಿಕುರಿಗಳು ಧೂಳೆಬ್ಬಿಸುತ್ತಾ ಬಂದವು. ಮರಿಗಳನ್ನು ಬಿಟ್ಟರು ನೋಡಿ, ಏನು ಗದ್ದಲ! ಒಂದೊಂದು ಮರಿಯೂ ಅಷ್ಟು ಕುರಿಗಳ ನಡುವೆ ನುಗ್ಗಿ ತನ್ನ ತಾಯಿಯನ್ನೇ ಹುಡುಕುತ್ತದೆ. ತಪ್ಪು ಕುರಿಯ ಹತ್ತಿರ ಹೋದರೆ ಅದು ಗುದ್ದಿ ಓಡಿಸುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ತಣ್ಣಗಾಯಿತು. ಬರೀ ಚಪ್ಪರಿಸುವ ಸದ್ದು.

ಮಗ ಕುರುಬಜ್ಜನ ಕೈಯಲ್ಲಿದ್ದ ಕೋಲನ್ನೇ ನೋಡುತ್ತಿದ್ದ. ಉದ್ದನೆ ಕೋಲು, ತುದಿಗೆ ಸಣ್ಣ ಕುಡುಗೋಲು. "ಕುರಿಗೆ ಹೊಡೆಯೋಕಾ?" ಅಂದ. ಅಜ್ಜ ನಕ್ಕು "ಹೊಡಿಯಾಕ ಅಲ್ಲಪಾ, ಜಾಲಿ ಟೊಂಗಿ ಕೊಯ್ದು ಅದಕ್ಕ ಮೇವು ಹಾಕಾಕ. ತ್ವಾಳ ಬಂದ್ರ ದೊಣ್ಣಿ ಬ್ಯಾರೆ ಐತಿ" ಅಂದರು. ಮಗಳು ನನ್ನ ಕೈ ಹಿಡಿದು ಎಳೆದಳು. "ಅಮ್ಮ, ದೊಣ್ಣೆ ಬೇರೆ, ಕೋಲು ಬೇರೆ! ಕೀರ್ತನೆಯಲ್ಲೂ ಎರಡು ಇದೆ." ಇಷ್ಟು ವರ್ಷ ಹೇಳಿದ ನನಗೇ ಅದು ಹೊಳೆದಿರಲಿಲ್ಲ.

ಆಮೇಲೆ ಮಗನ ದೊಡ್ಡ ಪ್ರಶ್ನೆ. ಕಳೆದುಹೋದ ಕುರಿಯ ಬಗ್ಗೆ ಯೇಸು ಹೇಳಿದ ಕತೆ ಅವನ ತಲೆಯಲ್ಲಿತ್ತು. "ನೂರು ಕುರಿಯಲ್ಲಿ ಒಂದು ಕಳೆದುಹೋದರೆ ಹುಡುಕ್ತೀರಾ?" ಅಜ್ಜ "ಹುಡುಕಬೇಕಲ್ಲ ಮತ್ತ" ಅಂದರು. "ಉಳಿದ ತೊಂಬತ್ತೊಂಬತ್ತು ಯಾರು ನೋಡ್ಕೋತಾರೆ?" "ತಮ್ಮ ಅದಾನ. ನಾಯಿ ಅದಾವ." ಮಗ ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿದ. "ಯೇಸುಗೆ ತಮ್ಮ ಇದ್ದನಾ?"

ಇದಕ್ಕೆ ನಾವು ಪ್ರೊಟೆಸ್ಟಂಟರು ಒಂದು ಹೇಳುತ್ತೇವೆ, ಕಥೋಲಿಕರಾದ ಮಂಗಳೂರಿನ ಅಕ್ಕ ಇನ್ನೊಂದು ಹೇಳುತ್ತಾರೆ. ಜಗಳ ಬೇಡ ಅಂತ ನಾನು ಮಾರ್ಕನ ಆರನೇ ಅಧ್ಯಾಯ ತೆಗೆದು ಅಲ್ಲಿರುವ ಯೇಸುವಿನ ಸಹೋದರರ ಹೆಸರುಗಳನ್ನು ಮಾತ್ರ ಓದಿದೆ.

ಇನ್ನೊಂದು. ರಾತ್ರಿ ರೂತಳ ಕತೆ ಓದುವಾಗ "ಹಕ್ಕಲು" ಅನ್ನುವ ಪದ ಬಂತು. ಮಗಳು ನಿಂತಳು. ನಾನು ವಿವರಿಸಲು ಹೊರಟೆ, ಅವ್ವ ಅಡುಗೆಮನೆಯಿಂದಲೇ "ಅದನ್ನ ನಾ ಹೇಳತೇನಿ" ಅಂದಳು. ಅವಳು ಸಣ್ಣವಳಿದ್ದಾಗ ಶೇಂಗಾ ಕಿತ್ತ ಹೊಲದಲ್ಲಿ ಮಣ್ಣು ಕೆದರಿ ಉಳಿದ ಕಾಯಿ ಆಯುತ್ತಿದ್ದಳಂತೆ. ಉಗುರಿನಲ್ಲಿ ರಕ್ತ ಬರುವ ತನಕ. ಕೆಲವು ಹೊಲದವರು ಬೈದು ಓಡಿಸುತ್ತಿದ್ದರು. ಒಂದು ಹೊಲದ ಆಳುಮಗ ಮಾತ್ರ ಬೇಕಂತಲೇ ಒಂದೊಂದು ಬಳ್ಳಿ ಬಿಟ್ಟು ಮುಂದೆ ಹೋಗುತ್ತಿದ್ದನಂತೆ. ರೂತಳ ಕತೆಯಲ್ಲಿ ಹೊಲದ ಯಜಮಾನ ಬೋವಜನು ಆಳುಗಳಿಗೆ ಹಾಗೇ ಮಾಡಿ ಅಂದಿದ್ದನಲ್ಲ? ಎರಡನೇ ಅಧ್ಯಾಯದಲ್ಲೇ ಇದೆ. ನಮ್ಮವ್ವ ಇಷ್ಟು ವರ್ಷದಲ್ಲಿ ನನಗೇ ಇದನ್ನು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಅಂದಳು. ಮಗಳು ಅಜ್ಜಿಯ ಬೆರಳುಗಳನ್ನು ಒಂದೊಂದೇ ಹಿಡಿದು ನೋಡುತ್ತಿದ್ದಳು. ಅವತ್ತು ಕೊನೆಯ ಪ್ರಾರ್ಥನೆಯನ್ನು ಯಜಮಾನರು ಎರಡೇ ವಾಕ್ಯದಲ್ಲಿ ಮುಗಿಸಿದರು. ನಂಬಿ.

ಬೆಂಗಳೂರಿಗೆ ಬಂದ ಮೇಲೆ ಎಲ್ಲ ಸರಿಯಾಗಿದೆ ಅಂತ ಹೇಳುವುದಿಲ್ಲ. ನಿನ್ನೆಯೂ ಚಿಕ್ಕವನು ಹಾಡಿನ ನಡುವೆ ಚಾಪೆ ಮೇಲೆ ನಿದ್ದೆ ಹೋದ. ಮಗಳಿಗೆ ಪರೀಕ್ಷೆ ಹತ್ತಿರ ಬಂತು, ವಾರದಲ್ಲಿ ಮೂರು ದಿನ ಮಾತ್ರ ಕೂರುತ್ತಾಳೆ. ಆದರೆ ಬಾತ್‌ರೂಮಿನ ಓಟ ನಿಂತಿದೆ. ಮೇಸ್ತ್ರಿ ಅಣ್ಣ, ನಮ್ಮ ಹಾಲಿನ ಗೋಡೆಯಲ್ಲೂ ಈಗ ಗೊಲ್ಯಾತ ನಿಂತಿದ್ದಾನೆ. ಮೇಷ್ಟ್ರು ಹೇಳಿದ ಆರು ಮುಕ್ಕಾಲು ಅಡಿಯ ಗೆರೆಯೂ ಇದೆ. ಮಗಳು ಅದರ ಪಕ್ಷ, ಮಗ ದೊಡ್ಡದರ ಪಕ್ಷ.


ದಾವಣಗೆರೆ ಮೇಸ್ತ್ರಿ
ಜನವರಿ 7, ಬೆಳಿಗ್ಗೆ 7:15

ಸಂತೋಷ ತಂಗಿ. ಬಾಡಿಗೆ ಮನೆ ತಾನೇ? ಚಾಕ್‌ಪೀಸು ಒರೆಸಿದರೆ ಹೋಗುತ್ತದೆ. ಸ್ಕೆಚ್ ಪೆನ್ ಆಗಿದ್ದರೆ ಓನರ್ ಬರುವ ಮೊದಲು ಹೇಳು, ಯಾವ ಪೇಂಟ್ ಹಚ್ಚಬೇಕು ಅಂತ ಹೇಳಿಕೊಡುತ್ತೇನೆ.


ಬೆಟಗೇರಿ ಮಗಳು
ಜನವರಿ 7, ಬೆಳಿಗ್ಗೆ 7:40

ಸ್ಕೆಚ್ ಪೆನ್ನು ಅಣ್ಣ. ಕೆಂಪು.